ಸೋತವರ ಹೆಜ್ಜೆಗುರುತು

ಆ ಪ್ರಾಂತದ ಹೆಸರು ಇಲ್ಲಿ ಬೇಡ. ಹೇಳಿದರೂ ಭೂಪಟದಲ್ಲಿ ಅದನ್ನು ನೀವು ಹುಡುಕಬೇಕಾದದ್ದು ನೆಲದ ಮೇಲಲ್ಲ, ಸಮುದ್ರದ ಮೇಲೆ. ಪ್ರಾಂತ ಅಷ್ಟು ಚಿಕ್ಕದು. ಹೆಸರು ಬರೆಯಲು ಅದರ ಮೈಮೇಲೆ ಜಾಗ ಸಾಲದೆ, ಭೂಪಟ ಬಿಡಿಸಿದವರು ಪಕ್ಕದ ನೀಲಿ ನೀರಿನ ಮೇಲೆ ಬರೆದು ಒಂದು ಸಣ್ಣ ಗೆರೆ ಎಳೆದು ತೋರಿಸಿದ್ದರು. ಒಕ್ಕೂಟದಲ್ಲಿ ಒಟ್ಟು ಐವತ್ತು ಪ್ರಾಂತಗಳು. ದೊಡ್ಡವು ರಾಜಧಾನಿಯ ಮಹಾಸಭೆಗೆ ಹಿಂಡುಹಿಂಡಾಗಿ ಪ್ರತಿನಿಧಿಗಳನ್ನು ಕಳಿಸುತ್ತಿದ್ದವು. ಇದಕ್ಕೆ ಇದ್ದದ್ದು ಒಂದೇ ಪೀಠ. ಎರಡು ವರ್ಷಕ್ಕೊಮ್ಮೆ ಅದರಲ್ಲಿ ಕೂರಲು ಒಬ್ಬರನ್ನು ಆರಿಸಬೇಕು.

ಮತದಾರರು ಮುನ್ನೂರ ಒಂಬತ್ತು ಮಂದಿ. ಎಲ್ಲರೂ ಪ್ರಾಣಿಗಳು, ಪಕ್ಷಿಗಳು, ದಡದಲ್ಲಿ ವಾಸಿಸುವ ಕೆಲವು ಜಲಚರಗಳು. ಒಬ್ಬರಿಗೊಬ್ಬರು ಚೆನ್ನಾಗಿ ಗೊತ್ತು, ಆ ಕಾರಣಕ್ಕೇ ಒಬ್ಬರ ಮೇಲೊಬ್ಬರಿಗೆ ಭಾರಿ ಅನುಮಾನ. ಬೆಳಿಗ್ಗೆ ಎದುರು ಸಿಕ್ಕವನು ನಗುತ್ತ ನಮಸ್ಕಾರ ಹೇಳಿದರೆ, ಇವತ್ತು ಇವನು ಯಾಕೆ ನಕ್ಕ ಎಂದು ಮಧ್ಯಾಹ್ನದವರೆಗೆ ಯೋಚಿಸುವ ಜನ. ನಾಳೆ ಮಳೆ ಬರಬಹುದು ಎಂದು ಯಾರಾದರೂ ಅಂದರೆ, ಮಳೆಯಿಂದ ಇವನಿಗೇನು ಲಾಭ ಎಂದು ಕೇಳುವ ಜನ. ಕೆಟ್ಟವರೇನಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಇಡೀ ಒಕ್ಕೂಟದಲ್ಲಿ ಅವರಷ್ಟು ಪ್ರಾಮಾಣಿಕರು ಇರಲಿಲ್ಲ. ತೊಂದರೆ ಏನೆಂದರೆ, ಅದು ಪ್ರತಿಯೊಬ್ಬರಿಗೂ ತಮ್ಮ ಮಟ್ಟಿಗೆ ಮಾತ್ರ ಗೊತ್ತಿತ್ತು.

ಅವರ ಚುನಾವಣೆಯ ಪದ್ಧತಿಯೂ ಈ ಸ್ವಭಾವಕ್ಕೆ ತಕ್ಕದ್ದೇ. ಬೇರೆ ಪ್ರಾಂತಗಳಲ್ಲಿ ಗೆದ್ದವನಿಗೆ ಅಧಿಕಾರಿಯೊಬ್ಬ ಪ್ರಮಾಣಪತ್ರ ಕೊಡುತ್ತಾನೆ. ಇವರು ಅಧಿಕಾರಿಯನ್ನು ನಂಬುವವರಲ್ಲ. ಗೆದ್ದವನು ತಾನು ಗೆದ್ದೆ ಎಂದರೆ ಅದರಲ್ಲಿ ಅವನ ಲಾಭವಿದೆ. ಎಣಿಸಿದವನು ಹೇಳಿದರೆ ಅವನ ಭಾವಮೈದ ಯಾರೆಂದು ವಿಚಾರಿಸಬೇಕಾಗುತ್ತದೆ. ಆದರೆ ಸೋತವನೇ ಬಂದು 'ನಾನು ಸೋತೆ' ಎಂದರೆ? ತನಗೇ ನಷ್ಟ ತರುವ ಸುಳ್ಳನ್ನು ಯಾರೂ ಹೇಳುವುದಿಲ್ಲ ಎಂದು ಪ್ರಾಂತದ ಹಿರಿಯರು ಯೋಚಿಸಿದ್ದರು. ಹಾಗಾಗಿ ಗೆದ್ದವನು ರಾಜಧಾನಿಗೆ ಒಯ್ಯುವ ಪತ್ರದ ಮೇಲೆ ಸೋತವನ ಹೆಜ್ಜೆಗುರುತು ಬೀಳಬೇಕು. ಅದಿಲ್ಲದೆ ಪೀಠವಿಲ್ಲ.

ಮತದಾನ ಮುಗಿದ ಮೂರನೆಯ ದಿನ ಗೆದ್ದವನೂ ಸೋತವನೂ ಒಂದೇ ಗಾಡಿಯಲ್ಲಿ, ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕುಳಿತು ಊರು ಸುತ್ತುತ್ತಿದ್ದರು. ನ್ಯಾಯಾಲಯದ ಮೆಟ್ಟಿಲ ಬಳಿ ಇಳಿದು, ಸೋತವನು ಮಸಿಯಲ್ಲಿ ಪಾದ ಅದ್ದಿ ಪತ್ರದ ಮೇಲೆ ಊರುತ್ತಿದ್ದ. ಆಮೇಲೆ ಎಲ್ಲರಿಗೂ ಜೋಳದ ಗಂಜಿ. ಗಂಜಿ ಕುಡಿಯುವ ಹೊತ್ತಿಗೆ ಇಬ್ಬರಲ್ಲಿ ಗೆದ್ದವನು ಯಾರು ಎಂದು ಹೊರಗಿನವರಿಗೆ ಗೊತ್ತಾಗುತ್ತಲೇ ಇರಲಿಲ್ಲವಂತೆ. ನೂರು ವರ್ಷ ಹೀಗೇ ನಡೆಯಿತು. ನೂರು ವರ್ಷ ನಡೆದದ್ದು ಮುಂದೆಯೂ ನಡೆಯುತ್ತದೆ ಎಂಬ ಒಂದೇ ವಿಷಯದಲ್ಲಿ ಆ ಜನಕ್ಕೆ ಅನುಮಾನವಿರಲಿಲ್ಲ.

ನಮ್ಮ ಕಥೆಯ ವರ್ಷ ಸ್ಪರ್ಧೆಗೆ ನಿಂತವರು ಹೆಬ್ಬಾತು ಮತ್ತು ಮುಳ್ಳುಹಂದಿ. ಹೆಬ್ಬಾತಿನದು ಉದ್ದ ಕತ್ತು, ದೊಡ್ಡ ದನಿ. ಪ್ರಾಂತದ ಗೌರವದ ಬಗ್ಗೆ ಒಂದು ಗಂಟೆ ಮಾತಾಡಿ ಇಳಿದರೆ, ಅವನು ಹೇಳಿದ್ದೇನು ಎಂದು ಕೇಳಬಾರದು, ಅಷ್ಟೆ. ಮುಳ್ಳುಹಂದಿಗೆ ಗೌರವದ ಚಿಂತೆ ಇರಲಿಲ್ಲ, ಹೆಬ್ಬಾತಿನ ಚಿಂತೆ ಇತ್ತು. ಅವನ ಭಾಷಣವೆಲ್ಲ ಹೆಬ್ಬಾತಿನ ಮೇಲೆ.

ಇದೇ ವೇಳೆಗೆ ಮಹಾಸಭೆಯ ಮುಂದೆ ಒಂದು ಮಸೂದೆ ಬಂದಿತ್ತು. ಕಡಲ ಬದಿಯ ಜೌಗಿಗೆ ಕಲ್ಲಿನ ತಡೆಗೋಡೆ ಕಟ್ಟಿಸುವುದು. ವರ್ಷದಿಂದ ವರ್ಷಕ್ಕೆ ಉಬ್ಬರದ ಉಪ್ಪುನೀರು ಒಳಕ್ಕೆ ಬರುತ್ತಿತ್ತು. ಜೌಗಿನ ಅಂಚಿನ ಜೊಂಡಿನಲ್ಲಿ ಒಂದು ನೀರುಕೋಳಿ ಗೂಡು ಕಟ್ಟಿಕೊಂಡಿದ್ದಳು. ಹೋದ ವರ್ಷ ಅವಳ ನಾಲ್ಕು ಮೊಟ್ಟೆ ನೀರುಪಾಲಾಗಿದ್ದವು. ಈ ವರ್ಷ ಮತ್ತೆ ಗೂಡಿಗೆ ಕಡ್ಡಿ ಜೋಡಿಸಿದ್ದಳು. ಪ್ರತಿಯೊಂದು ಸಭೆಯಲ್ಲೂ ಅವಳು ಎದ್ದು ಒಂದೇ ಪ್ರಶ್ನೆ ಕೇಳಿದಳು: "ಗೋಡೆಗೆ ನೀವು ಹೂಂ ಅನ್ನುತ್ತೀರೋ ಉಹೂಂ ಅನ್ನುತ್ತೀರೋ?" ಹೆಬ್ಬಾತು, ಅದು ಗೌರವದ ಪ್ರಶ್ನೆ ಎಂದ. ಮುಳ್ಳುಹಂದಿ, ಈ ಪ್ರಶ್ನೆಯನ್ನು ನಿನ್ನ ಕೈಲಿ ಕೇಳಿಸುತ್ತಿರುವವರು ಯಾರು ಎಂದ.

ಬೇಸತ್ತು ನೀರುಕೋಳಿ ತಾನೇ ನಿಂತಳು. ಅವಳ ಭಾಷಣ ಎರಡು ಮಾತು: "ಗೋಡೆ ಬೇಕು. ನನ್ನ ಮೊಟ್ಟೆ ಉಳಿಯಬೇಕು."

ಅಲ್ಲಿಗೆ ಮುಗಿಯಿತು. ಜನ ಮನೆಗೆ ಹೋಗುತ್ತ ಮಾತಾಡಿಕೊಂಡರು. ಊರಿನ ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದ ಏಡಿ ಮೇಷ್ಟ್ರು, ಜನ್ಮದಲ್ಲಿ ಒಂದು ಸಲವೂ ನೆಟ್ಟಗೆ ನಡೆದವರಲ್ಲ, ಬೇಲಿಯ ಬದಿಯಲ್ಲಿ ಅಡ್ಡಡ್ಡ ಸಾಗುತ್ತ ಹೇಳಿದರು: "ನೋಡಿದಿರಾ? ಅವಳ ಸ್ವಾರ್ಥ ಅವಳ ಬಾಯಿಂದಲೇ ಬಂತು. ಆ ಇಬ್ಬರು ಏನನ್ನಾದರೂ ಬೇಕು ಅಂದರೇ?"

"ಇಲ್ಲಪ್ಪ, ಏನೂ ಬೇಕು ಅನ್ನಲಿಲ್ಲ," ಎಂದರು ಉಳಿದವರು. "ಅದು ದೊಡ್ಡತನ."

ಮತದಾನ ಚಿಪ್ಪಿನಿಂದ. ಮೂರು ಮಡಕೆ, ಒಬ್ಬರಿಗೆ ಒಂದು ಚಿಪ್ಪು. ಎಣಿಸುವವರು ಆಮೆ ಯಜಮಾನರು. ಹೆಬ್ಬಾತಿಗೆ ನೂರ ಐವತ್ತೆಂಟು, ಮುಳ್ಳುಹಂದಿಗೆ ನೂರ ನಲವತ್ತೊಂಬತ್ತು, ನೀರುಕೋಳಿಗೆ ಎರಡು. ಎರಡರಲ್ಲಿ ಒಂದು ಅವಳದೇ. ಇನ್ನೊಂದು ಯಾರದೆಂದು ಆಮೇಲೆ ಊರೆಲ್ಲ ತನಿಖೆ ನಡೆಯಿತು. ಮುನ್ನೂರ ಎಂಟು ಮಂದಿಯೂ ತಮ್ಮದಲ್ಲ ಎಂದರು.

ಮೂರನೆಯ ದಿನ ಗಾಡಿ ಬಂತು. ಹೆಬ್ಬಾತು ಹತ್ತಿ ಕುಳಿತ. ಮುಳ್ಳುಹಂದಿ ಬರಲಿಲ್ಲ. ಆ ಕಡೆಯ ಮುಳ್ಳುಹಂದಿಗಳಿಗೆ ಮರ ಹತ್ತಲು ಬರುತ್ತದೆ. ಹುಡುಕಿದರೆ ಅವನು ಒಂದು ಪೈನ್ ಮರದ ಮೇಲೆ, ಎತ್ತರದ ಕೊಂಬೆಯ ಕವಲಿನಲ್ಲಿ ಕುಳಿತಿದ್ದ.

"ಇಳಿದು ಬಾರಯ್ಯ, ಗಂಜಿ ಆರುತ್ತಿದೆ," ಎಂದರು ಆಮೆ ಯಜಮಾನರು.

"ಮೋಸವಾಗಿದೆ ಎಂದು ನಾನು ಹೇಳುತ್ತಿಲ್ಲ," ಎಂದ ಮುಳ್ಳುಹಂದಿ. "ಕೇಳುತ್ತಿದ್ದೇನೆ, ಅಷ್ಟೆ. ಮುನ್ನೂರ ಒಂಬತ್ತು ಚಿಪ್ಪು ಎಣಿಸಲು ನಿಮಗೆ ಹನ್ನೊಂದು ಗಂಟೆ ಯಾಕೆ ಬೇಕಾಯಿತು?"

"ನಾನು ಆಮೆ ಕಣಯ್ಯ."

"ಅದು ಉತ್ತರವಲ್ಲ. ಹುಟ್ಟುಗುಣ."

ಮತ್ತೆ ಎಣಿಸಿದರು. ಅದೇ ಸಂಖ್ಯೆ. ಎಣಿಸುವವರನ್ನು ನೋಡಲು ನಾಲ್ವರನ್ನು ನೇಮಿಸಿ, ಆ ನಾಲ್ವರನ್ನು ನೋಡಲು ಎಂಟು ಮಂದಿಯನ್ನು ನೇಮಿಸಿ ಮೂರನೆಯ ಸಲ ಎಣಿಸಿದರು. ಅದೇ ಸಂಖ್ಯೆ.

"ಮೂರು ಸಲವೂ ಒಂದೇ ಬಂತಲ್ಲ," ಎಂದ ಮುಳ್ಳುಹಂದಿ ಮೇಲಿನಿಂದ. "ನನಗೆ ಅನುಮಾನ ಇರುವುದು ಅದರ ಮೇಲೇ."

ಸಿಟ್ಟಾದವನನ್ನು ಬೆನ್ನು ಸವರಿ ಸಮಾಧಾನ ಮಾಡಬಹುದು. ಮುಳ್ಳುಹಂದಿಯನ್ನು ಸವರುವುದೆಲ್ಲಿ? ಇನ್ನು ಆರು ದಿನಕ್ಕೆ ಮಹಾಸಭೆಯಲ್ಲಿ ಗೋಡೆಯ ಮಸೂದೆ. ರಾಜಧಾನಿಗೆ ಎರಡು ದಿನದ ದಾರಿ. ಅಲ್ಲಿ ಎರಡು ಕಡೆಯೂ ಸರಿಸಮ ಎಂದೂ, ಇನ್ನೊಂದು ರೆಕ್ಕೆ ಮತಕ್ಕೆ ಎದ್ದ ಕಡೆಗೆ ತೀರ್ಮಾನ ಎಂದೂ ಸುದ್ದಿ ಬಂದಿತ್ತು. ಪ್ರಾಂತದ ಪೀಠ ಖಾಲಿ.

ನೀರುಕೋಳಿ ಪೈನ್ ಮರದ ಬುಡಕ್ಕೆ ಹೋದಳು.

"ಅಣ್ಣಾ, ನೀನು ಸೋತಿದ್ದು ನಿನಗೆ ಗೊತ್ತಿದೆ."

ಮುಳ್ಳುಹಂದಿ ಸುತ್ತ ನೋಡಿ, ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡ. "ಗೊತ್ತಿದೆ. ಆದರೆ ಗುರುತು ಊರಿದ ಮರುಗಳಿಗೆಯಿಂದ ನಾನು ಸೋತವನು. ಊರದೆ ಇರುವವರೆಗೆ ನಾನು ಸಂದೇಹ ಇರುವವನು. ಎರಡರಲ್ಲಿ ಯಾವುದಕ್ಕೆ ಜನ ದಾರಿ ಬಿಡುತ್ತಾರೆ, ನೀನೇ ಹೇಳು."

"ನಾನು ಮೊಟ್ಟೆ ಇಟ್ಟಿದ್ದೇನೆ. ಐದು."

"ಒಳ್ಳೆಯದಾಗಲಿ," ಎಂದ ಮುಳ್ಳುಹಂದಿ. ಅವನು ಅದನ್ನು ಮನಸಾರೆಯೇ ಹೇಳಿದ. ಆದರೆ ಇಳಿಯಲಿಲ್ಲ.

ಹಿಂದಿರುಗಿ ಬರುವಾಗ ನೀರುಕೋಳಿಗೆ ಒಂದು ಯೋಚನೆ ಬಂತು. ನೇರವಾಗಿ ಆಮೆ ಯಜಮಾನರ ಬಳಿ ಹೋಗಿ ಕೇಳಿದಳು: "ಯಜಮಾನರೇ, ನಾನೂ ಸೋತಿದ್ದೇನಲ್ಲವೇ?"

ಆಮೆ ಯಜಮಾನರು ಹಳೆಯ ಕಟ್ಟಳೆಯ ಪುಸ್ತಕ ತೆಗೆದು ಸಂಜೆಯವರೆಗೆ ಓದಿದರು. ನೂರು ವರ್ಷವೂ ಇಬ್ಬರೇ ನಿಂತಿದ್ದರಿಂದ ಮೂರನೆಯವರ ಮಾತು ಯಾರ ತಲೆಗೂ ಹೊಳೆದಿರಲಿಲ್ಲ. ನಿಂತು ಸೋತವರು ಯಾರಾದರೂ ಸರಿ ಎಂದು ಅವರಿಗೆ ತೋರಿತು. "ಸೋತಿದ್ದೀಯ ತಾಯಿ," ಎಂದರು. "ನಿನ್ನಷ್ಟು ಚೆನ್ನಾಗಿ ಈ ಪ್ರಾಂತದಲ್ಲಿ ಇದುವರೆಗೆ ಯಾರೂ ಸೋತಿಲ್ಲ."

ಮರುದಿನ ಬೆಳಿಗ್ಗೆ ಗಾಡಿ ಮತ್ತೆ ಹೊರಟಿತು. ಹೆಬ್ಬಾತಿನ ಎದುರಿಗೆ ನೀರುಕೋಳಿ ಕುಳಿತಳು. ಅವಳ ಮಂಡಿ ಅವನ ಮಂಡಿಗೆ ಎಟುಕುವಂತಿರಲಿಲ್ಲ. ದೂರದಿಂದ ನೋಡಿದವರಿಗೆ ಅವನ ಕೈಚೀಲದ ಹಾಗೆ ಕಾಣಿಸಿದಳು. ಮೆಟ್ಟಿಲ ಬಳಿ ಇಳಿದು, ಮಸಿಯ ಬಟ್ಟಲಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಅವಳು ಹೇಳಿದಳು: "ನಾನು ಗುರುತು ಊರುತ್ತೇನೆ. ನೀವು ಅಲ್ಲಿ ಗೋಡೆಗೆ ರೆಕ್ಕೆ ಎತ್ತಬೇಕು."

"ಪ್ರಾಂತದ ಗೌರವ..." ಎಂದು ಹೆಬ್ಬಾತು ಶುರು ಮಾಡಿದ.

"ಎತ್ತುತ್ತೀರೋ ಇಲ್ಲವೋ?"

"ಎತ್ತುತ್ತೇನಮ್ಮ," ಎಂದ ಹೆಬ್ಬಾತು. ಆರು ತಿಂಗಳಲ್ಲಿ ಅವನು ಆಡಿದ ಅತಿ ಚಿಕ್ಕ ಮಾತು ಅದು.

ಅವಳು ಪಾದ ಅದ್ದಿ ಊರಿದಳು. ಮೂರು ಬೆರಳು ಮುಂದೆ, ಒಂದು ಹಿಂದೆ. ಜನ ಚಪ್ಪಾಳೆ ತಟ್ಟಿದರು, ಗಂಜಿ ಕುಡಿದರು. ಹೆಬ್ಬಾತು ರಾಜಧಾನಿಗೆ ಹೋಗಿ, ಕೊಟ್ಟ ಮಾತಿನಂತೆ ರೆಕ್ಕೆ ಎತ್ತಿದ. ಮಸೂದೆ ಒಂದೇ ಮತದಿಂದ ಗೆದ್ದಿತು. ಕಲ್ಲು ಬಂತು, ಒಂದೂವರೆ ಆಳೆತ್ತರ ಗೋಡೆ ಎದ್ದಿತು. ಆ ಬೇಸಿಗೆ ಜೊಂಡು ಹಸಿರಾಗಿ ನಿಂತಿತು, ಐದು ಮೊಟ್ಟೆಯೂ ಒಡೆದು ಐದು ಕಪ್ಪು ಮರಿಗಳು ನೀರಿಗಿಳಿದವು.

ಕಥೆಯನ್ನು ಇಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಸುಖವಾಗಿ ಓಡಾಡುವ ಮರಿಗಳನ್ನು ಏಡಿ ಮೇಷ್ಟ್ರು ದಿನಾ ನೋಡುತ್ತಿದ್ದರು.

ಒಂದು ದಿನ ಮೇಷ್ಟ್ರು ಊರ ಸಭೆ ಕರೆಸಿದರು. "ನನಗೆ ಯಾರ ಮೇಲೂ ದ್ವೇಷವಿಲ್ಲ," ಎಂದು ಆರಂಭಿಸಿದರು. "ಒಂದು ಸಣ್ಣ ಪ್ರಮೇಯ. ಸೋತವರ ಗುರುತನ್ನು ನಾವು ಯಾಕೆ ನಂಬುತ್ತೇವೆ?"

"ಅದರಿಂದ ಅವರಿಗೆ ಲಾಭವಿಲ್ಲ ಎಂದು," ಎಂದಿತು ಸಭೆ.

"ನೀರುಕೋಳಿಗೆ ಲಾಭವಾಯಿತೋ ಇಲ್ಲವೋ?"

ಸಭೆ ತಲೆ ತಿರುಗಿಸಿ ನೀರುಕೋಳಿಯನ್ನು ನೋಡಿತು. ಅವಳು ಮೈಕೈ ತುಂಬಿಕೊಂಡಿದ್ದಳು. ಹಿಂದೆ ಐದು ಮರಿ.

"ಆಯಿತು," ಎಂದಳು ಅವಳು. "ನಿಮಗೂ ಆಯಿತು. ಈ ವರ್ಷ ನಿಮ್ಮ ಯಾರ ಮನೆಗಾದರೂ ಉಪ್ಪುನೀರು ಬಂತೇ?"

"ನಮ್ಮ ಮಾತು ಬೇಡ, ನಾವು ಸೋತವರಲ್ಲ," ಎಂದರು ಮೇಷ್ಟ್ರು. "ಸೋಲಿನಿಂದ ಲಾಭವಾದರೆ ಅದು ಸೋಲಲ್ಲ. ಅವಳು ಸೋತಿಲ್ಲದ ಮೇಲೆ ಆ ಪತ್ರದ ಮೇಲಿರುವುದು ಸೋತವರ ಗುರುತಲ್ಲ. ಗುರುತಿಲ್ಲದ ಪತ್ರದಿಂದ ಹೆಬ್ಬಾತು ಪೀಠ ಏರಿದ. ಇಲ್ಲದ ಪೀಠದಿಂದ ರೆಕ್ಕೆ ಎತ್ತಿದ. ಇನ್ನು ಗೋಡೆ ಎಂಥದು ಎಂದು ನೀವೇ ಹೇಳಿ."

ಪೈನ್ ಮರದ ಮೇಲಿನಿಂದ ಮುಳ್ಳುಹಂದಿ, ತಾನು ಅಂದೇ ಕೇಳಿದ್ದೆ ಎಂದ. ಏನು ಕೇಳಿದ್ದ ಎಂದು ಯಾರೂ ನೆನಪು ಮಾಡಿಕೊಳ್ಳಲಿಲ್ಲ, ಆದರೆ ಕೇಳಿದ್ದು ನಿಜ ಎಂದು ಎಲ್ಲರಿಗೂ ಅನ್ನಿಸಿತು.

"ಮೇಷ್ಟ್ರೇ," ಎಂದಳು ನೀರುಕೋಳಿ, "ನನಗೆ ಬಿದ್ದದ್ದು ಎರಡು ಚಿಪ್ಪು. ಎರಡು ಬಿದ್ದವಳು ಸೋಲದೆ ಗೆದ್ದಳೇ?"

"ಅದೇ ಪ್ರಶ್ನೆ," ಎಂದರು ಮೇಷ್ಟ್ರು. "ಆ ಎರಡನೆಯದು ಯಾರದು?"

ಅವಳು ಮರಿಗಳನ್ನು ಹತ್ತಿರ ಕರೆದುಕೊಂಡಳು. ಕರೆದುಕೊಂಡದ್ದನ್ನು ಸಭೆ ಗಮನಿಸಿತು.

ಪ್ರಾಮಾಣಿಕ ಜನ ಎಂದೆನಲ್ಲ. ಬೇರೆಯವರಾಗಿದ್ದರೆ ಬಂದ ಗೋಡೆ ಬಂತು ಎಂದು ಸುಮ್ಮನಿರುತ್ತಿದ್ದರು. ಇವರು ತಾವೇ ರಾಜಧಾನಿಗೆ ಬರೆದರು: ನಮ್ಮ ಪ್ರತಿನಿಧಿಯ ಪತ್ರ ನಮ್ಮ ಪದ್ಧತಿಗೆ ಒಪ್ಪುವುದಿಲ್ಲ, ಅವನ ಮತವನ್ನು ತೆಗೆದುಹಾಕಿ. ಮಹಾಸಭೆಯ ಗುಮಾಸ್ತರು ಇಂಥ ಅರ್ಜಿಯನ್ನು ಹಿಂದೆ ಕಂಡವರಲ್ಲ. ಸಂತೋಷದಿಂದಲೇ ಒಪ್ಪಿದರು. ಆ ಕಲ್ಲಿನ ಮೇಲೆ ಒಂದು ದೊಡ್ಡ ಪ್ರಾಂತಕ್ಕೆ ಮೊದಲಿನಿಂದಲೂ ಕಣ್ಣಿತ್ತು. ಹೆಬ್ಬಾತು ಮನೆಗೆ ಬಂದ. ಗಾಡಿಗಳು ಬಂದು ಗೋಡೆಯನ್ನು ಕಲ್ಲುಕಲ್ಲಾಗಿ ಬಿಚ್ಚಿಕೊಂಡು ಹೋದವು. ನೀರುಕೋಳಿಗೆ 'ಈಕೆ ಸೋತಿಲ್ಲ' ಎಂಬ ಪ್ರಮಾಣಪತ್ರವನ್ನು ಮುದ್ರೆ ಹಾಕಿ ಕೊಟ್ಟರು.

ಮರುವಸಂತದ ಉಬ್ಬರ ದೊಡ್ಡದಾಗಿ ಬಂತು. ಮೊದಲು ಹೋದದ್ದು ಜೊಂಡು, ಜೊಂಡಿನ ಗೂಡು, ಗೂಡಿನಲ್ಲಿದ್ದ ಆರು ಮೊಟ್ಟೆ. ನೀರುಕೋಳಿ ಮೂರು ದಿನ ಆ ಜಾಗದ ಮೇಲೆ ಈಜಾಡಿದಳು. ನಾಲ್ಕನೆಯ ದಿನ ಹೊಳೆಯ ಮೇಲ್ಗಡೆಗೆ, ಸಿಹಿನೀರು ಇರುವಲ್ಲಿಗೆ ಹೊರಟುಹೋದಳು. ಅವಳು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಆ ಹೊತ್ತಿಗೆ ನೀರು ಊರೊಳಗೆ ಬಂದಿತ್ತು. ಬಿಲಗಳು ತುಂಬಿದವು, ಧಾನ್ಯ ಕೊಳೆಯಿತು. ನ್ಯಾಯಾಲಯದ ಏಳು ಮೆಟ್ಟಿಲುಗಳಲ್ಲಿ ಎರಡು ಮುಳುಗಿದವು.

ಊರು ಹೆಬ್ಬಾತಿನ ಬಳಿ ಓಡಿತು. "ನೀನು ಹೋಗಪ್ಪ, ಗೋಡೆ ಕೇಳು." ಹೆಬ್ಬಾತು ಸಿದ್ಧನಿದ್ದ, ರಾಜಧಾನಿ ಸಿದ್ಧವಿರಲಿಲ್ಲ. ಗುಮಾಸ್ತರ ಉತ್ತರ ಎರಡು ಸಾಲಿನದು: ನಿಮ್ಮ ಪದ್ಧತಿಯನ್ನು ನೀವೇ ನಮಗೆ ಕಲಿಸಿದ್ದೀರಿ. ಸೋತವರ ಗುರುತಿರುವ ಹೊಸ ಪತ್ರ ಈ ಸೋಮವಾರದೊಳಗೆ ತಲುಪಿದರೆ ಪೀಠವೂ ಇದೆ, ಮಸೂದೆಯೂ ಇದೆ. ತಲುಪದಿದ್ದರೆ ಎರಡೂ ಇಲ್ಲ.

ಮುಳ್ಳುಹಂದಿಯನ್ನು ಕೇಳಿದರು. ನೀರು ಪೈನ್ ಮರದ ಬುಡಕ್ಕೆ ಬಂದಿತ್ತು, ಅವನು ಇನ್ನೊಂದು ಕೊಂಬೆ ಮೇಲೇರಿದ್ದ. "ಈಗ ಊರಿದರೆ ಇಷ್ಟು ದಿನ ನಾನು ಸುಳ್ಳು ಹೇಳಿದೆ ಎಂದಾಗುತ್ತದೆ," ಎಂದ. "ನಾನು ಸುಳ್ಳು ಹೇಳಿಲ್ಲ. ಕೇಳಿದ್ದೇನೆ, ಅಷ್ಟೆ."

ಆಗ ಏಡಿ ಮೇಷ್ಟ್ರು ಎರಡನೆಯ ಪ್ರಮೇಯ ಮುಂದಿಟ್ಟರು. "ನೀರುಕೋಳಿ ಗೂಡು ಕಳೆದುಕೊಂಡಳು, ಮೊಟ್ಟೆ ಕಳೆದುಕೊಂಡಳು, ಊರು ಬಿಟ್ಟಳು. ಈಗ ಅವಳಿಗೆ ಯಾವ ಲಾಭವೂ ಉಳಿದಿಲ್ಲ. ಈಗ ಅವಳು ಶಾಸ್ತ್ರಪ್ರಕಾರ ಸೋತವಳು. ಅವಳ ಗುರುತು ಈಗ ನಡೆಯುತ್ತದೆ."

ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಮೇಷ್ಟ್ರು, ಆಮೆ ಯಜಮಾನರು, ಹೆಬ್ಬಾತು ಮೂವರೂ ಒಂದು ತೆಪ್ಪ ಕಟ್ಟಿಕೊಂಡು ಹೊಳೆಯ ಮೇಲ್ಗಡೆಗೆ ಹೊರಟರು. ಹೆಬ್ಬಾತು ಎಳೆದ, ಉಳಿದಿಬ್ಬರು ಪತ್ರವನ್ನೂ ಮಸಿಯನ್ನೂ ಕಾಯುತ್ತ ಕುಳಿತರು. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡರು. ಅವಳು ಬೈದರೆ ಆಮೆ ಯಜಮಾನರು ಕ್ಷಮೆ ಕೇಳುವುದು, ಅತ್ತರೆ ಹೆಬ್ಬಾತು ಗೌರವದ ಬಗ್ಗೆ ಮಾತಾಡುವುದು, ಷರತ್ತು ಹಾಕಿದರೆ ಮೇಷ್ಟ್ರು ಚೌಕಾಸಿ ಮಾಡುವುದು ಎಂದು ಗೊತ್ತುಮಾಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅವಳು ಸಿಕ್ಕಳು. ದಡದ ಬೇರುಗಳ ನಡುವೆ ಒಬ್ಬಳೇ ಕುಳಿತಿದ್ದಳು. ಆ ವರ್ಷಕ್ಕೆ ಮತ್ತೆ ಗೂಡು ಕಟ್ಟುವ ಕಾಲ ಮೀರಿತ್ತು.

"ತಾಯಿ," ಎಂದರು ಆಮೆ ಯಜಮಾನರು, "ಊರಿಗೆ ನೀರು ಬಂದಿದೆ. ಸೋಮವಾರದೊಳಗೆ ಪತ್ರ ಹೋಗಬೇಕು. ನಿನ್ನ ಗುರುತು..."

"ಗೋಡೆಗೇನಾ?"

"ಗೋಡೆಗೇ."

"ಕೊಡಿ," ಎಂದಳು. ಪಾದ ಅದ್ದಿದಳು, ಊರಿದಳು. "ಒಣಗುವವರೆಗೆ ಮಡಚಬೇಡಿ." ಅಷ್ಟು ಹೇಳಿ ಬೇರುಗಳ ನಡುವೆ ಹಿಂದಿರುಗಿದಳು.

ಮೂವರೂ ತೆಪ್ಪ ತಿರುಗಿಸಿದರು. ಈಗ ಪ್ರವಾಹದ ಜೊತೆಗೆ ಇಳಿಯುವುದು, ಎಳೆಯುವ ಕೆಲಸವೂ ಇಲ್ಲ. ಹೆಬ್ಬಾತು ತೆಪ್ಪದ ಮೇಲೇ ಬಂದು ಕುಳಿತ. ತೆಪ್ಪ ಒಂದು ಮೈಲಿ ಸಾಗಿತು.

"ಕೇಳಿದ ಕೂಡಲೇ ಊರಿದಳು," ಎಂದರು ಮೇಷ್ಟ್ರು.

"ಹೌದು, ಒಳ್ಳೆಯದೇ ಆಯಿತಲ್ಲ," ಎಂದ ಹೆಬ್ಬಾತು.

"ಒಂದು ಮಾತು ಬೈಯಲಿಲ್ಲ."

ಆಮೆ ಯಜಮಾನರು ಯೋಚಿಸಿದರು. "ಬೈಯಬೇಕಿತ್ತು, ನಿಜ. ನಾನಾಗಿದ್ದರೆ ಬೈಯುತ್ತಿದ್ದೆ."

"ಷರತ್ತೂ ಹಾಕಲಿಲ್ಲ. ಅವಳಿಗೆ ಇದರಿಂದ ಕಾಸಿನಷ್ಟೂ ಲಾಭವಿಲ್ಲ," ಎಂದರು ಮೇಷ್ಟ್ರು. "ಹಾಗಾದರೆ ಯಾಕೆ ಊರಿದಳು?"

ಹೆಬ್ಬಾತಿನ ಕತ್ತು ನಿಧಾನವಾಗಿ ಕೆಳಗಿಳಿಯಿತು. ಅವನಿಗೆ ಇದು ಹೊಳೆದಿರಲಿಲ್ಲ.

"ತೆಪ್ಪ ಕಟ್ಟಿ," ಎಂದರು ಆಮೆ ಯಜಮಾನರು.

ದಡದ ಒಂದು ಮರದ ಬೇರಿಗೆ ತೆಪ್ಪವನ್ನು ಬಿಗಿಯಾಗಿ ಕಟ್ಟಿದರು. ಆಮೆ ಯಜಮಾನರ ಬೆನ್ನಿನ ಮೇಲೆ ಪತ್ರವನ್ನು ಹರಡಿ, ಬೆಳಕಿಗೆ ಓರೆ ಮಾಡಿ ನೋಡತೊಡಗಿದರು. ಮೂರು ಬೆರಳು ಮುಂದೆ, ಒಂದು ಹಿಂದೆ. ನಡುವಿನ ಬೆರಳು ಹೋದ ಸಲಕ್ಕಿಂತ ತುಸು ಉದ್ದವಿದೆ ಎಂದು ಮೇಷ್ಟ್ರಿಗೆ ತೋರಿತು. ತಮ್ಮ ಇಕ್ಕಳಗಾಲಿನಿಂದ ಅಳೆದರು, ಕಡ್ಡಿಯಿಂದ ಅಳೆದರು. ಇನ್ನೊಂದು ಸಲ ಅಳೆಯುವಾಗ ತೆಪ್ಪ ಅಲುಗಿತು.

"ಅಲ್ಲಾಡಬೇಡಯ್ಯ, ಅಳತೆ ತಪ್ಪುತ್ತದೆ," ಎಂದರು ಮೇಷ್ಟ್ರು.

"ನಾನಲ್ಲ," ಎಂದ ಹೆಬ್ಬಾತು.

ನಿಜಕ್ಕೂ ಅವನಲ್ಲ. ಕಡಲಿನ ಉಬ್ಬರ ಹೊಳೆಯೊಳಗೆ ಅಲ್ಲಿಯವರೆಗೂ ಏರಿ ಬಂದಿತ್ತು. ಕೆಳಕ್ಕೆ ಹರಿಯುತ್ತಿದ್ದ ನೀರು ಒಂದು ಕ್ಷಣ ನಿಂತು, ಮೇಲಕ್ಕೆ ಹರಿಯಲು ಆರಂಭಿಸಿ, ಕಟ್ಟಿದ ಹಗ್ಗವನ್ನು ಜಗ್ಗುತ್ತಿತ್ತು. ಮೇಷ್ಟ್ರು ಪತ್ರದಿಂದ ಕಣ್ಣೆತ್ತಿ ಹೆಬ್ಬಾತನ್ನು ಬಹಳ ಹೊತ್ತು ನೋಡಿದರು.

"ನೀನಲ್ಲದಿದ್ದರೆ ಮತ್ತೆ ಯಾರು?" ಎಂದು ಕೇಳಿದರು.